ಒಂದೂವರೆ ಚಮಚ ಎಣ್ಣೆಯ ಎಣ್ಣೆಗಾಯಿ: ಓವನ್‌ನಲ್ಲಿ ಆದದ್ದು, ಆಗದ್ದು

ಎಣ್ಣೆಯಿಲ್ಲದ ಎಣ್ಣೆಗಾಯಿ ಎಂಥದ್ದು ಎಂದು ನಕ್ಕವರೇ ಹೆಚ್ಚು. "ಓವನ್ನಿನಾಗ ಇಟ್ರ ಚಪ್ಪಲಿ ತೊಗಲಾಗ್ತೈತಿ ಬಿಡ್ರಿ" ಎಂದವರೂ ಇದ್ದಾರೆ. ಮೊದಲ ಆರೇಳು ಸಲ ಅವರ ಮಾತೇ ನಿಜವಾಯಿತು. ಈಗ ಅರ್ಧ ಕಿಲೋ ಬದನೆಗೆ ಒಂದೂವರೆ ದೊಡ್ಡ ಚಮಚ ಎಣ್ಣೆ ಸಾಕು. ಸಿಪ್ಪೆ ಮೆತ್ತಗಿರುತ್ತದೆ, ತಿರುಳು ಬೆಣ್ಣೆಯಂತೆ ಬೆಂದಿರುತ್ತದೆ, ಮಸಾಲೆ ಕರಕಾಗುವುದಿಲ್ಲ. ನಕ್ಕವರೇ ರೊಟ್ಟಿ ಮೇಲೆ ಇನ್ನೆರಡು ಹಾಕಿಸಿಕೊಂಡು ಹೋಗಿದ್ದಾರೆ. ಎಣ್ಣೆಗಾಯಿ ಮಾಡಲು ಬರುವವರಿಗೆ ಬರೆಯುತ್ತಿರುವುದರಿಂದ ಶೇಂಗಾ ಹುರಿಯುವುದು, ಮಸಾಲೆ ಕುಟ್ಟುವುದು ಇಲ್ಲಿಲ್ಲ.

ಮೊದಲು ಕೆಟ್ಟದ್ದರ ಲೆಕ್ಕ. ಹಸಿ ಬದನೆಗೇ ಮಸಾಲೆ ತುಂಬಿ, ಮೇಲೆ ಎಣ್ಣೆ ಸವರಿ, 180 ಡಿಗ್ರಿಯಲ್ಲಿ ನಲವತ್ತು ನಿಮಿಷ ಇಟ್ಟಿದ್ದು ಮೊದಲ ತಪ್ಪು. ಮಸಾಲೆಯ ಬೆಲ್ಲವೂ ಖಾರದಪುಡಿಯೂ ಇಪ್ಪತ್ತು ನಿಮಿಷಕ್ಕೇ ಕಪ್ಪಾದವು, ತೊಟ್ಟಿನ ಹತ್ತಿರ ಮಾತ್ರ ಹಸಿಯೇ ಉಳಿಯಿತು. ಇನ್ನೂ ಇಪ್ಪತ್ತು ನಿಮಿಷ ಇಟ್ಟರೂ ತಿರುಳು ರಬ್ಬರೇ. ಬಹಳ ದಿನ ಶಾಖ ಸಾಲುತ್ತಿಲ್ಲ ಎಂದುಕೊಂಡೇ ಇದ್ದೆ. ನಿಜವಾದ ಅಪರಾಧಿ ಹುಣಸೆಹುಳಿ. ಹುಳಿ ತಾಗಿದ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಸಾಂಬಾರಿನಲ್ಲಿ ತರಕಾರಿ ಬೆಂದ ಮೇಲೆ ಹುಳಿ ಬಿಡುವುದು ಇದಕ್ಕೇ. ಒಲೆ ಮೇಲೆ ಎಣ್ಣೆ ಹೆಚ್ಚಿರುತ್ತದೆ, ಮುಚ್ಚಿ ಬೇಯಿಸುತ್ತೇವೆ, ಹಾಗಾಗಿ ಹುಳಿ ಹಾಕಿದ್ದೂ ದಕ್ಕಿಹೋಗುತ್ತದೆ. ಓವನ್ನಿನ ಒಣ ಗಾಳಿಯಲ್ಲಿ ದಕ್ಕುವುದಿಲ್ಲ.

ಎರಡನೆಯದು ಎಣ್ಣೆಯ ತಪ್ಪು. ಬದನೆಯ ತಿರುಳು ಸ್ಪಂಜು, ಒಳಗೆಲ್ಲ ಗಾಳಿಗೂಡು. ಹಸಿ ಹೋಳಿನ ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಅರೆ ನಿಮಿಷದಲ್ಲಿ ಒಳಗೆಳೆದುಕೊಂಡು ಮತ್ತೆ ಒಣಗಿ ನಿಲ್ಲುತ್ತದೆ. ನಾವು ಇನ್ನೊಂದು ಚಮಚ ಸುರಿಯುತ್ತೇವೆ. ಹಾಗೆ ಸುರಿದು ಸುರಿದು 'ಆರೋಗ್ಯಕರ' ಅಡುಗೆಗೇ ನಾಲ್ಕು ಚಮಚ ಖರ್ಚು ಮಾಡಿದ್ದೇನೆ. ಮೊದಲು ಆ ಗೂಡು ಕುಸಿಯಬೇಕು, ಎಣ್ಣೆಯ ಮಾತು ಆಮೇಲೆ. ಉಪ್ಪು ಸವರಿ ನೀರು ಬಿಡಿಸಿದರೆ ಕುಸಿಯುತ್ತದೆ, ಆದರೆ ಗಂಟೆಗಟ್ಟಲೆ ಕಾಯಬೇಕು, ಕಾಯಿಯೂ ಉಪ್ಪಾಗುತ್ತದೆ. ಮೈಕ್ರೋವೇವ್‌ನಲ್ಲಿಯೂ ಕುಸಿಯುತ್ತದೆ, ಆದರೆ ನಾಲ್ಕು ಕಾಯಿ ಬೆಂದಿದ್ದರೆ ಎರಡು ಹಸಿ. ನನಗೆ ಕೊನೆಗೆ ಒಲಿದದ್ದು ಇಡ್ಲಿ ಪಾತ್ರೆಯ ಹಬೆ.

ಈಗ ಮಾಡುವ ಕ್ರಮ ಹೀಗೆ. ಗುಂಡು ಬದನೆ, ಒಂದೊಂದು 40–45 ಗ್ರಾಂ ತೂಗುವಂಥವು, ಅರ್ಧ ಕಿಲೋಗೆ ಹನ್ನೊಂದು ಹನ್ನೆರಡು ಬರುತ್ತವೆ. ಎಲ್ಲ ಒಂದೇ ಗಾತ್ರದವಿರಬೇಕು; ಸಂತೆಯಲ್ಲಿ ಆರಿಸಿಕೊಳ್ಳಲು ಬಿಡದವರ ಹತ್ತಿರ ನಾನು ತರುವುದೇ ಇಲ್ಲ. ತೊಟ್ಟು ಉಳಿಸಿ ಬುಡದಿಂದ ಅಡ್ಡ ಉದ್ದ ಸೀಳಿ, ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ ಹದಿನೈದು ನಿಮಿಷ ಮುಳುಗಿಸಿಡುತ್ತೇನೆ. ಇದು ಕಪ್ಪಾಗದಿರಲಿ ಎಂದಷ್ಟೇ. ಬಿಪಿ ಇರುವವರ ಮನೆಯಲ್ಲಿ ಉಪ್ಪಿನ ಬದಲು ನೀರಿಗೆ ಒಂದು ಲೋಟ ಹುಳಿ ಮಜ್ಜಿಗೆ ಬೆರೆಸಿ ಮುಳುಗಿಸಿ, ಆಮೇಲೆ ಚೆನ್ನಾಗಿ ತೊಳೆದರಾಯಿತು. ಉಪ್ಪುನೀರಿನದಾದರೆ ಮಸಾಲೆಯ ಉಪ್ಪನ್ನು ಅರ್ಧಕ್ಕೆ ಇಳಿಸಿ. ಇದನ್ನು ಮರೆತು ಎರಡು ಸಲ ಇಡೀ ತಟ್ಟೆ ಉಪ್ಪುಕಾಯಿ ಆಗಿದೆ.

ಹಬೆ ಚೆನ್ನಾಗಿ ಬಂದ ಮೇಲೆ ಆರು ನಿಮಿಷ. ಕಡ್ಡಿ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗಬೇಕು, ನಡುವೆ ಸ್ವಲ್ಪ ತಡೆ ಸಿಗಬೇಕು. ಎಂಟು ನಿಮಿಷ ದಾಟಿದರೆ ತೊಟ್ಟಿನ ಬಳಿ ಕಳಚಿಕೊಳ್ಳುತ್ತದೆ, ಆಮೇಲೆ ಮಸಾಲೆ ತುಂಬುವುದು ಬಿಟ್ಟು ಪಲ್ಯ ಮಾಡಬೇಕಾಗುತ್ತದೆ. ತೆಗೆದ ತಕ್ಷಣ ಸೀಳು ಕೆಳಮುಖವಾಗಿ ಬಟ್ಟೆಯ ಮೇಲೆ ನಿಲ್ಲಿಸಿ ಹತ್ತು ನಿಮಿಷ ನೀರು ಸೋರಲು ಬಿಡಿ. ಬದನೆಯ ತೂಕದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ನೀರೇ. ಸೋರಿಸದೆ ಓವನ್‌ಗೆ ಇಟ್ಟರೆ ಆ ನೀರು ಟ್ರೇಯಲ್ಲಿ ಕುದಿಯುತ್ತ ಕೂರುತ್ತದೆ, ನೀರಿರುವ ತನಕ ಕಾಯಿಯ ಮೈ ಕೆಂಪಾಗುವ ಮಾತಿಲ್ಲ.

ಈಗ ಎಣ್ಣೆ. ಅರ್ಧ ದೊಡ್ಡ ಚಮಚ, ಬ್ರಶ್ಶಿನಿಂದ, ಸಿಪ್ಪೆಯ ಮೇಲೆ ಮಾತ್ರ. ಸೀಳಿನೊಳಗೆ ಒಂದು ಹನಿಯೂ ಬೇಡ. ಸಿಪ್ಪೆ ತೊಗಲಾಗುವುದು ಒಣಗುವುದರಿಂದ, ಎಣ್ಣೆಯ ತೆಳು ಪದರ ಅದನ್ನು ತಡೆಯುತ್ತದೆ. ಟ್ರೇಯ ತಳಕ್ಕೆ ಅರ್ಧ ಸೆಂಟಿಮೀಟರ್ ದಪ್ಪದ ಈರುಳ್ಳಿ ಚಕ್ರ ಹಾಸಿ ಅದರ ಮೇಲೆ ಕಾಯಿ ಜೋಡಿಸುತ್ತೇನೆ. ಅಂಟುವುದಿಲ್ಲ, ಗ್ರೇವಿಗೆ ಈರುಳ್ಳಿ ಬೇರೆ ಹುರಿಯುವ ಎಣ್ಣೆಯೂ ಉಳಿಯಿತು. ಕಾಯಿ ಕಾಯಿಯ ನಡುವೆ ಬೆರಳು ತೂರುವಷ್ಟು ಜಾಗ ಬಿಡಿ. 220 ಡಿಗ್ರಿ, ಓವನ್ ಕಾಯಿಸುವ ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, ನಡುವಿನ ಹಂತದಲ್ಲಿ ಹದಿನೈದು ನಿಮಿಷ. ಸೀಳುಗಳು ತಾವಾಗಿಯೇ ಹೂವಿನಂತೆ ಬಾಯಿ ಬಿಡುತ್ತವೆ, ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ. ಒಮ್ಮೆ ತೂಗಿ ನೋಡಿದಾಗ ಅರ್ಧ ಕಿಲೋ ಇದ್ದದ್ದು ಈ ಹಂತಕ್ಕೆ 380 ಗ್ರಾಂ ಆಸುಪಾಸು ಆಗಿತ್ತು.

ಆಮೇಲೆ ಮಸಾಲೆ ತುಂಬಿ, ಮಿಕ್ಕ ಮಸಾಲೆಗೆ ಹುಣಸೆರಸ, ಬೆಲ್ಲ, ಒಂದು ಲೋಟ *ಬಿಸಿ* ನೀರು ಸೇರಿಸಿ ಸುತ್ತ ಸುರಿದು, ಮುಚ್ಚಿ 190ರಲ್ಲಿ ಇಪ್ಪತ್ತು ನಿಮಿಷ. ಇಲ್ಲಿ ಕೆಳಗಿನ ಕಾಯಿಲ್ ಒಂದೇ ಸಾಕು. ಕೊನೆಗೆ ಮುಚ್ಚಳ ತೆಗೆದು, ಸಾಸಿವೆ ಕರಿಬೇವಿನ ಒಗ್ಗರಣೆಯಾಗಿ ಉಳಿದ ಒಂದು ಚಮಚ ಎಣ್ಣೆ ಮೇಲೆ ಹಾಕಿ ಎಂಟು ನಿಮಿಷ. ಎಣ್ಣೆ ಮೇಲಿದ್ದರೆ ಕಣ್ಣಿಗೂ ನಾಲಿಗೆಗೂ ಮೊದಲು ಅದೇ ಸಿಗುತ್ತದೆ. ಕಡಿಮೆ ಎಣ್ಣೆಯದೆಂದು ಹೇಳದೆ ಬಡಿಸಿದರೆ ಯಾರೂ ಕಂಡುಹಿಡಿದಿಲ್ಲ. ಈ ಕೊನೆಯ ಎಂಟು ನಿಮಿಷಕ್ಕೆ ಮೊದಲು ಗ್ರೇವಿಗೆ ಇನ್ನೊಂದು ಪುಡಿ ಉದುರಿಸುತ್ತೇನೆ, ಅರ್ಧ ಚಿಕ್ಕ ಚಮಚ. ಅದರ ಹೆಸರು ಮಾತ್ರ ನನ್ನ ಹತ್ತಿರವೇ ಇರಲಿ. ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಇರುವಂಥದ್ದೇ.

'ಬಿಸಿ' ಎಂದು ಒತ್ತಿ ಹೇಳಿದ್ದಕ್ಕೆ ಏಳುನೂರು ರೂಪಾಯಿಯ ಕಾರಣವಿದೆ. ಕಾದ ಗಾಜಿನ ತಟ್ಟೆಗೆ ನಲ್ಲಿ ನೀರಿನ ಗ್ರೇವಿ ಸುರಿದೆ, ಟಪ್ ಎಂದು ಎರಡು ಹೋಳು. ಆ ದಿನದ ಬದನೆಯೂ ಗಾಜಿನ ಚೂರಿನ ಜೊತೆ ಕಸಕ್ಕೆ ಹೋಯಿತು. ಈಗ ಬಳಸುವುದು ಮನೆಯಲ್ಲೇ ಇದ್ದ ಸ್ಟೀಲ್ ಪರಾತ, ಮುಚ್ಚಲು ಇನ್ನೊಂದು ಸ್ಟೀಲ್ ತಟ್ಟೆ. ಅಲ್ಯೂಮಿನಿಯಂ ಫಾಯಿಲ್ ಮುಚ್ಚುವವರು ಅದು ಗ್ರೇವಿಗೆ ತಾಗದಂತೆ ನೋಡಿಕೊಳ್ಳಿ. ಹುಣಸೆಹುಳಿ ಫಾಯಿಲ್ಲನ್ನು ತಿಂದು ಸಣ್ಣ ಸಣ್ಣ ತೂತು ಮಾಡುತ್ತದೆ, ಮಸಾಲೆಗೆ ಲೋಹದ ರುಚಿ ಹತ್ತುತ್ತದೆ.

ಓಟಿಜಿ (ಕರೆಂಟಿನ ಪುಟ್ಟ ಓವನ್) ನನ್ನದು 28 ಲೀಟರಿನದು, ಆಗ ಆರು ಸಾವಿರದ ಒಳಗೆ ಸಿಕ್ಕಿತ್ತು. ಅದಕ್ಕಿಂತ ಉಪಕಾರ ಮಾಡಿದ್ದು ಮುನ್ನೂರೈವತ್ತು ರೂಪಾಯಿಯ ಒಳಗಿಡುವ ಥರ್ಮಾಮೀಟರ್. ಗುಂಡಿ 200 ಎನ್ನುತ್ತಿದ್ದಾಗ ಒಳಗೆ 170–175 ಇತ್ತು. ದೀಪ ಆರಿತು, ಓವನ್ ಕಾದಿದೆ ಎಂದು ನಂಬಿ ಇಡುತ್ತಿದ್ದಷ್ಟು ದಿನ ಏನೂ ಸರಿಯಾಗಿ ಬೇಯಲಿಲ್ಲ. ಮೇಲೆ ಬರೆದ ಡಿಗ್ರಿಗಳೆಲ್ಲ ಥರ್ಮಾಮೀಟರಿನವು, ಗುಂಡಿಯವಲ್ಲ. ಕಾಯಿಸುವುದೂ ಸೇರಿ ಒಂದು ಸಲಕ್ಕೆ ಸುಮಾರು ಒಂದು ಯೂನಿಟ್ ಕರೆಂಟ್, ಏಳು ರೂಪಾಯಿ ಹಿಡಿಯಿರಿ. ಉಳಿದ ಎಣ್ಣೆಯ ಬೆಲೆ ಅದಕ್ಕಿಂತ ಹೆಚ್ಚೇ ಆಗುತ್ತದೆ.

ಇನ್ನು 'ಆರೋಗ್ಯ'ದ ಲೆಕ್ಕ. ಇಲ್ಲಿ ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ಒಲೆಯ ಎಣ್ಣೆಗಾಯಿಗೆ ಅರ್ಧ ಕಿಲೋಗೆ ಆರು ದೊಡ್ಡ ಚಮಚ ಎಣ್ಣೆ, ಅಂದರೆ 80 ಗ್ರಾಂ. ಅದನ್ನು 20 ಗ್ರಾಂಗೆ ಇಳಿಸಿ ಬೀಗುತ್ತಿದ್ದೆ. ಆದರೆ ಮಸಾಲೆಯೊಳಗೆ ಅಡಗಿರುವ ಎಣ್ಣೆ? ಶೇಂಗಾದಲ್ಲಿ ಅರ್ಧದಷ್ಟು ಕೊಬ್ಬು, ಎಳ್ಳಿನಲ್ಲೂ ಹಾಗೇ, ಒಣಕೊಬ್ಬರಿಯಲ್ಲಿ ನೂರಕ್ಕೆ ಅರವತ್ತರ ಮೇಲೆ. ಹಳೆಯ ಅಳತೆಯ ಮಸಾಲೆ, ಅಂದರೆ ಶೇಂಗಾ 60 ಗ್ರಾಂ, ಕೊಬ್ಬರಿ 40, ಎಳ್ಳು ಗುರೆಳ್ಳು (ಹುಚ್ಚೆಳ್ಳು) ಹದಿನೈದು ಹದಿನೈದು ಸೇರಿದರೆ ಅದರಲ್ಲೇ 65 ಗ್ರಾಂ ಮೀರಿ ಕೊಬ್ಬಿದೆ. ಬಾಣಲೆಯ ಎಣ್ಣೆ ಇಳಿಸಿ ಮಸಾಲೆ ಹಾಗೇ ಬಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು.

ಈಗಿನ ಅಳತೆ: ಶೇಂಗಾ 40, ಹುರಿಗಡಲೆ 30, ಗುರೆಳ್ಳು 20, ಎಳ್ಳು 10, ಕೊಬ್ಬರಿ 10. ಹುರಿಗಡಲೆಯಲ್ಲಿ ಕೊಬ್ಬು ಕಡಿಮೆ, ಗ್ರೇವಿಗೆ ಮಂದವನ್ನೂ ಕೊಡುತ್ತದೆ. ಗುರೆಳ್ಳನ್ನು ಮಾತ್ರ ಕಡಿಮೆ ಮಾಡಬೇಡಿ, ಎಣ್ಣೆಗಾಯಿಯ ವಾಸನೆ ನಿಂತಿರುವುದೇ ಅದರ ಮೇಲೆ. ಎಣ್ಣೆಯ 20 ಗ್ರಾಂ ಸೇರಿ ಎಲ್ಲ ಕೂಡಿದರೆ ನಾಲ್ಕು ಜನಕ್ಕೆ ಕೊಬ್ಬು 60 ಗ್ರಾಂ ಚಿಲ್ಲರೆ, ತಲೆಗೆ ಹದಿನೈದು. ಮೊದಲು ತಲೆಗೆ 37ರ ಹತ್ತಿರ ಹೋಗುತ್ತಿತ್ತು. ಹುರಿಗಡಲೆ 30 ದಾಟಿದರೆ ಚಟ್ನಿಯ ರುಚಿ ಬರುತ್ತದೆ, 50 ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ನಡುವೆ ಅಡ್ಡದಾರಿ ಹಿಡಿದದ್ದೂ ಇದೆ. ಏರ್ ಫ್ರೈಯರ್‌ನಲ್ಲಿ ಮಾಡಿದರೆ ಐದು ಕಾಯಿಗೆ ಜಾಗ, ಫ್ಯಾನಿನ ಗಾಳಿಗೆ ಒಣ ಮಸಾಲೆ ಹಾರಿ ಕಾಯಿಲ್ಲಿಗೆ ತಾಗಿ ಮನೆತುಂಬ ಖಾರದ ಕೆಮ್ಮು. ಮಟ್ಟು ಗುಳ್ಳದಲ್ಲಿಯೂ ನೋಡಿದೆ, ಉಡುಪಿ ಕಡೆಯ ಆ ತಿಳಿಹಸಿರು ಕಾಯಿಯ ಸಿಪ್ಪೆ ಬಹಳ ತೆಳು. ತುಂಬುವುದಕ್ಕೆ ನಿಲ್ಲುವುದಿಲ್ಲ, ಹಬೆಯಲ್ಲೇ ಕರಗಲು ಶುರು. ಅದನ್ನು ಇಡಿಯಾಗಿ ಆರೇಳು ಕಡೆ ಚುಚ್ಚಿ 220ರಲ್ಲಿ ಅರ್ಧ ಗಂಟೆ ಸುಟ್ಟರೆ ಗೊಜ್ಜಿಗೆ ಚೆನ್ನಾಗಿ ಬರುತ್ತದೆ, ಎಣ್ಣೆಯೇ ಬೇಡ. ಚುಚ್ಚದೆ ಇಟ್ಟರೆ ಒಳಗಿನ ಹಬೆಗೆ ಒಡೆದು ಓವನ್ ಗೋಡೆಯೆಲ್ಲ ಬದನೆ. ಕೆಂಡದ ವಾಸನೆ ಮಾತ್ರ ಓವನ್ ಕೊಡದು. ಕೊನೆಗೆ ಎರಡು ನಿಮಿಷ ಗ್ಯಾಸಿನ ಉರಿಗೆ ಹಿಡಿದು ಸಿಪ್ಪೆ ಕರಕು ಮಾಡಿದರೆ ಮುಕ್ಕಾಲು ಪಾಲು ಸಿಗುತ್ತದೆ.

ಎಣ್ಣೆಗಾಯಿಗಿಂತ ಸುಲಭವಾಗಿ ಗೆದ್ದದ್ದು ವಾಂಗಿಬಾತ್. ಉದ್ದ ಹಸಿರು ಬದನೆಯನ್ನು ಬೆರಳುದ್ದಕ್ಕೆ ಹೆಚ್ಚಿ, ಚೆನ್ನಾಗಿ ಒರೆಸಿ, ಎರಡು ಚಿಕ್ಕ ಚಮಚ ಎಣ್ಣೆ, ಚಿಟಿಕೆ ಅರಿಸಿನ, ಉಪ್ಪು ಕಲಸಿ 210ರಲ್ಲಿ ಹದಿನೆಂಟು ನಿಮಿಷ, ನಡುವೆ ಒಮ್ಮೆ ತಿರುವಿ. ಹಬೆಯ ಹಂತ ಇದಕ್ಕೆ ಬೇಡ, ಹೋಳು ಸಣ್ಣದಾದ್ದರಿಂದ ಬೇಗ ಬೇಯುತ್ತದೆ. ಅನ್ನಕ್ಕೆ ಕಲಸುವಾಗ ಒಂದೂ ಮುರಿಯುವುದಿಲ್ಲ. ಬಾಣಲೆಯಲ್ಲಿ ಇದು ನನಗೆ ಯಾವತ್ತೂ ಸಾಧ್ಯವಾಗಿರಲಿಲ್ಲ.

ಎಣ್ಣೆಗಾಯಿ ಉಳಿದರೆ ಮತ್ತೆ ಓವನ್‌ಗೆ ಇಡಬೇಡಿ, ಹುರಿಗಡಲೆ ನೀರೆಲ್ಲ ಹೀರಿ ಗಟ್ಟಿಯಾಗಿರುತ್ತದೆ. ಎರಡು ಚಮಚ ನೀರು ಚಿಮುಕಿಸಿ ಹಂಚಿನ ಮೇಲೆ ಮುಚ್ಚಿ ಬಿಸಿ ಮಾಡಿ. ಮರುದಿನ ಖಡಕ್ ರೊಟ್ಟಿಯ ಜೊತೆ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ.