ಮನೆಯ ಮೂಲೆ ಮೂಲೆಗೂ ವೈಫೈ ತಲುಪಿಸುವುದು ಹೇಗೆ?

ಹಜಾರದಲ್ಲಿ ಸರಾಗವಾಗಿ ಓಡುವ ವಿಡಿಯೊ ಮಲಗುವ ಕೋಣೆಯಲ್ಲಿ ತಡವರಿಸಿದರೆ ಅಥವಾ ಬಾಗಿಲು ಹಾಕಿಕೊಂಡೊಡನೆ ಆನ್‌ಲೈನ್ ಸಭೆಯ ಮಾತು ತುಂಡುತುಂಡಾದರೆ, ಹೆಚ್ಚಿನವರು ಇನ್ನೂ ವೇಗದ ಪ್ಲ್ಯಾನ್‌ಗೆ ಬದಲಾಗುತ್ತಾರೆ, ಇಲ್ಲವೇ ನಾಲ್ಕಾರು ಆಂಟೆನಾಗಳಿರುವ ಹೊಸ ರೌಟರ್ ಕೊಳ್ಳುತ್ತಾರೆ. ಇವೆರಡರಿಂದಲೂ ತೊಂದರೆ ಪೂರ್ತಿ ನೀಗುವುದು ಅಪರೂಪ. ಪ್ಲ್ಯಾನ್‌ನ ವೇಗವೇನಿದ್ದರೂ ಮನೆಯ ಬಾಗಿಲವರೆಗಿನ ಮಾತು. ಅಲ್ಲಿಂದ ಒಳಗೆ ಗೋಡೆ, ಅಂತರ ಮತ್ತು ಅಕ್ಕಪಕ್ಕದ ರೌಟರ್‌ಗಳದೇ ಕಾರುಬಾರು. ಆದ್ದರಿಂದ ಖರೀದಿಯನ್ನು ಕೊನೆಗಿಟ್ಟುಕೊಂಡು ಅಳತೆಯಿಂದ ಶುರುಮಾಡುವುದು ಒಳ್ಳೆಯದು.

ಮೊದಲು ಅಳೆಯಿರಿ

ಲ್ಯಾಪ್‌ಟಾಪ್ ಒಂದನ್ನು ಈಥರ್ನೆಟ್ ಕೇಬಲ್ ಮೂಲಕ ನೇರವಾಗಿ ರೌಟರ್‌ಗೆ ಜೋಡಿಸಿ ವೇಗ ಪರೀಕ್ಷಿಸಿ. ಕೇಬಲ್‌ನಲ್ಲೂ ವೇಗ ಕಡಿಮೆಯಿದ್ದರೆ ಮಾತನಾಡಬೇಕಾದದ್ದು ಸಂಪರ್ಕ ಕೊಟ್ಟವರ ಜೊತೆ. ವೈಫೈಯನ್ನು ದೂರಿ ಪ್ರಯೋಜನವಿಲ್ಲ. ಕೇಬಲ್‌ನಲ್ಲಿ ಸರಿಯಾಗಿದ್ದು ಕೋಣೆಗಳಲ್ಲಿ ಮಾತ್ರ ಕುಸಿಯುತ್ತಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ತಯಾರಕರು ತಮಗೆ ತೋಚಿದಂತೆ ನಿಗದಿಪಡಿಸುತ್ತಾರೆ. ವೈಫೈ ಅನಲೈಸರ್ ಮಾದರಿಯ ಆ್ಯಪ್ ಸಿಗ್ನಲ್‌ನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುತ್ತದೆ. ಇಲ್ಲಿ ಅಂಕಿಗಳೆಲ್ಲ ಮೈನಸ್‌ನಲ್ಲಿರುತ್ತವೆ ಮತ್ತು ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿರುತ್ತದೆ. ಮೈನಸ್ 50 ಎಂದರೆ ಉತ್ತಮ. ವಿಡಿಯೊ ಕರೆ ತಡೆಯಿಲ್ಲದೆ ನಡೆಯಲು ಮೈನಸ್ 67ರ ಆಸುಪಾಸು ಇರಬೇಕು. ಮೈನಸ್ 80ರಲ್ಲಿ ಸಂಪರ್ಕ ಇದ್ದೂ ಇಲ್ಲದಂತೆ. ಮೂರು ಅಂಕಿ ಇಳಿದರೆ ಶಕ್ತಿ ಅರ್ಧಕ್ಕಿಳಿದಂತೆ, ಹತ್ತು ಇಳಿದರೆ ಹತ್ತನೇ ಒಂದು ಭಾಗ ಉಳಿದಂತೆ. ಹಾಗಾಗಿ ಸಣ್ಣ ವ್ಯತ್ಯಾಸವನ್ನೂ ಕಡೆಗಣಿಸಬಾರದು.

ಮನೆಯ ನಕ್ಷೆಯನ್ನು ಕಾಗದದ ಮೇಲೆ ಒರಟಾಗಿ ಬರೆದುಕೊಂಡು, ಪ್ರತಿ ಕೋಣೆಯಲ್ಲೂ ನೀವು ನಿಜವಾಗಿ ಕೂರುವ ಜಾಗದಲ್ಲೇ, ಬಾಗಿಲು ಮುಚ್ಚಿ, ಅಂಕಿಯನ್ನು ಗುರುತು ಹಾಕಿಕೊಳ್ಳಿ. ಅದರ ಪಕ್ಕದಲ್ಲೇ ಡೌನ್‌ಲೋಡ್ ಮತ್ತು ಅಪ್‌ಲೋಡ್ ವೇಗ ಎರಡನ್ನೂ ಬರೆಯಿರಿ. ಅಪ್‌ಲೋಡ್ ಏಕೆಂದರೆ, ರೌಟರ್‌ಗೆ ಹೋಲಿಸಿದರೆ ಫೋನಿನ ಪ್ರಸಾರ ಸಾಮರ್ಥ್ಯ ಸಾಮಾನ್ಯವಾಗಿ ಕಡಿಮೆ. ಧ್ವನಿವರ್ಧಕ ಹಿಡಿದವರ ಮಾತು ದೂರದಲ್ಲಿರುವವರಿಗೆ ಸ್ಪಷ್ಟವಾಗಿ ಕೇಳಿಸಿದರೂ ಅವರು ಬರಿಬಾಯಿಯಲ್ಲಿ ಕೊಟ್ಟ ಉತ್ತರ ವೇದಿಕೆಗೆ ತಲುಪದಿರಬಹುದಲ್ಲವೇ? ಸಿಗ್ನಲ್ ಚೆನ್ನಾಗಿ ಕಾಣುತ್ತಿದ್ದರೂ ಕರೆಯಲ್ಲಿ ನಿಮ್ಮ ಧ್ವನಿ ಮಾತ್ರ ಅತ್ತ ಕಡೆಯವರಿಗೆ ಒಡೆದು ಕೇಳಿಸುತ್ತಿದ್ದರೆ ಕಾರಣ ಬಹುಪಾಲು ಇದೇ.

ರೌಟರ್ ಎಲ್ಲಿರಬೇಕು?

ಫೈಬರ್ ಎಲ್ಲಿ ಒಳಬರುತ್ತದೋ ಅಲ್ಲೇ ರೌಟರನ್ನೂ ಕೂರಿಸಿ ಹೋಗುವುದು ಸಾಮಾನ್ಯ. ಆ ಜಾಗ ಹೆಚ್ಚಾಗಿ ಮನೆಯ ಒಂದು ತುದಿಯಲ್ಲಿದ್ದು, ಪ್ರಸಾರದ ಸುಮಾರು ಅರ್ಧ ಭಾಗ ಹೊರಗಡೆಗೆ ಪೋಲಾಗುತ್ತದೆ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೇರೆ ಬೇರೆಯಾಗಿದ್ದರೆ, ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಉದ್ದನೆಯ ಈಥರ್ನೆಟ್ ಕೇಬಲ್ ಎಳೆದು ರೌಟರನ್ನು ಮನೆಯ ನಡುಭಾಗಕ್ಕೆ ತನ್ನಿ. ಈ ಕೇಬಲ್ 100 ಮೀಟರ್‌ವರೆಗೆ ಸಮರ್ಪಕವಾಗಿ ಕೆಲಸ ಮಾಡುವುದರಿಂದ ಉದ್ದದ ಬಗ್ಗೆ ಯೋಚಿಸಬೇಕಿಲ್ಲ. ನನ್ನ ಮಟ್ಟಿಗೆ, ಹೊಸ ಸಾಧನ ಕೊಳ್ಳುವ ಮುನ್ನ ಮಾಡಲೇಬೇಕಾದ ಕೆಲಸವಿದು. ಸಣ್ಣ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಮುಗಿಯುವುದೂ ಉಂಟು.

ರೌಟರನ್ನು ನೆಲದ ಮೇಲಾಗಲಿ, ಟಿವಿಯ ಹಿಂದಾಗಲಿ, ಬೀರುವಿನೊಳಗಾಗಲಿ ಇಡದೆ, ತಲೆಯ ಮಟ್ಟದಲ್ಲಿ ತೆರೆದ ಜಾಗದಲ್ಲಿಡಬೇಕು. ಲೋಹವು ರೇಡಿಯೊ ಅಲೆಗಳನ್ನು ಮರಳಿಸಿಬಿಡುತ್ತದೆ. ಕನ್ನಡಿಯ ಹಿಂಬದಿಯ ಲೋಹದ ಲೇಪನವೂ ಅದನ್ನೇ ಮಾಡುತ್ತದೆ. ನೀರು ಅಲೆಗಳನ್ನು ಹೀರಿಕೊಳ್ಳುವುದರಿಂದ ದೊಡ್ಡ ಮೀನಿನ ತೊಟ್ಟಿಯೂ ಅಡ್ಡಿಯೇ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಗೋಡೆ ಮತ್ತು ತಾರಸಿ ಕೂಡ ಕಠಿಣ ಅಡ್ಡಿಗಳೇ. ಇನ್ನೊಂದು ಸೂಕ್ಷ್ಮವಿದೆ: ಅಲೆ ಗೋಡೆಯನ್ನು ನೇರವಾಗಿ ಹಾಯ್ದರೆ ಗೋಡೆಯ ದಪ್ಪವನ್ನಷ್ಟೇ ದಾಟಬೇಕು, 45 ಡಿಗ್ರಿ ಓರೆಯಾಗಿ ಹಾಯ್ದರೆ ಅದರ ಸುಮಾರು 1.4 ಪಟ್ಟು ದಾಟಬೇಕಾಗುತ್ತದೆ. ರೌಟರನ್ನು ಒಂದೆರಡು ಅಡಿ ಸರಿಸಿದಾಗ ಪಕ್ಕದ ಕೋಣೆಯ ಅಂಕಿ ಏರುಪೇರಾಗುವುದಕ್ಕೆ ಇದೂ ಒಂದು ಕಾರಣ.

ಕಡ್ಡಿಯಂತಹ ಆಂಟೆನಾದಿಂದ ಅಲೆಗಳು ಅದರ ತುದಿಯ ದಿಕ್ಕಿಗೆ ಹೋಗುವುದಕ್ಕಿಂತ ಪಕ್ಕಗಳಿಗೆ ಹೆಚ್ಚು ಹರಡುತ್ತವೆ. ಒಂದೇ ಅಂತಸ್ತಿಗಾದರೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ. ಮೇಲಂತಸ್ತಿಗೂ ತಲುಪಬೇಕಿದ್ದರೆ ಒಂದನ್ನು ಅಡ್ಡಲಾಗಿ ಬಾಗಿಸಿ ನೋಡಿ.

ಬ್ಯಾಂಡ್ ಮತ್ತು ಚಾನೆಲ್

ವೈಫೈ ಬಳಸುವ ರೇಡಿಯೊ ಅಲೆಗಳ ಒಂದೊಂದು ಪಟ್ಟಿಗೂ ಬ್ಯಾಂಡ್ ಎಂದು ಹೆಸರು. 2.4 ಗಿಗಾಹರ್ಟ್ಸ್ ಬ್ಯಾಂಡ್ ಗೋಡೆಗಳನ್ನು ಹೆಚ್ಚು ಸಲೀಸಾಗಿ ದಾಟುತ್ತದೆ, ಆದರೆ ಅಲ್ಲಿ ಜಾಗ ಕಡಿಮೆ, ದಟ್ಟಣೆ ಹೆಚ್ಚು. ಮೈಕ್ರೊವೇವ್ ಒಲೆಯೂ ಅದೇ ತರಂಗಾಂತರದ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಹೊಸ ಸಾಧನಗಳ 6 ಗಿಗಾಹರ್ಟ್ಸ್ ಬ್ಯಾಂಡ್ ಬಹುಮಟ್ಟಿಗೆ ರೌಟರ್ ಇರುವ ಕೋಣೆ ಮತ್ತು ಅದರ ಪಕ್ಕದ ಕೋಣೆಗೆ ಸೀಮಿತ.

ಪ್ರತಿ ಬ್ಯಾಂಡನ್ನೂ ಚಾನೆಲ್ ಎಂಬ ಸಣ್ಣ ಭಾಗಗಳಾಗಿ ಹಂಚಲಾಗಿದೆ. ರೌಟರ್‌ನ ಸೆಟ್ಟಿಂಗ್‌ನಲ್ಲಿ, 2.4ರಲ್ಲಿ ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಟ್ಟು 1, 6 ಅಥವಾ 11ನೇ ಚಾನೆಲನ್ನಷ್ಟೇ ಆರಿಸಿಕೊಳ್ಳಿ, ಏಕೆಂದರೆ ಇವು ಮೂರೂ ಒಂದರ ಮೇಲೊಂದು ಬೀಳುವುದಿಲ್ಲ. ಎಲ್ಲರೂ 6ರಲ್ಲಿದ್ದಾರೆಂದು 4ಕ್ಕೋ 8ಕ್ಕೋ ಸರಿಯುವುದು ಜಾಣತನದಂತೆ ಕಂಡರೂ ಫಲ ಉಲ್ಟಾ. ಒಂದೇ ಚಾನೆಲ್‌ನಲ್ಲಿರುವ ಸಾಧನಗಳು ಪರಸ್ಪರರನ್ನು ಗುರುತಿಸಿ ಸರದಿಯಂತೆ ಪ್ರಸಾರ ಮಾಡುತ್ತವೆ. ಅರೆಬರೆ ಮೇಲೆ ಬಿದ್ದ ಚಾನೆಲ್‌ಗಳ ನಡುವೆ ಆ ಹೊಂದಾಣಿಕೆಯಿಲ್ಲ, ಒಂದರ ಪ್ರಸಾರ ಇನ್ನೊಂದಕ್ಕೆ ಬರೀ ಗದ್ದಲವಾಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಅಗಲ ಸಾಮಾನ್ಯ. ಅಕ್ಕಪಕ್ಕ ರೌಟರ್‌ಗಳು ಕಿಕ್ಕಿರಿದಿದ್ದರೆ 40ಕ್ಕೆ ಇಳಿಸಿದಾಗ ಗರಿಷ್ಠ ವೇಗ ತಗ್ಗಿದರೂ ಸ್ಥಿರತೆ ಹೆಚ್ಚುತ್ತದೆ.

ಒಂದು ರೌಟರ್ ಸಾಲದಿದ್ದರೆ

ಇಷ್ಟಾದರೂ ನಕ್ಷೆಯಲ್ಲಿ ದುರ್ಬಲ ಜಾಗಗಳು ಉಳಿದರೆ ಎರಡನೆಯ ಸಾಧನ ಬೇಕೆಂದೇ ಅರ್ಥ. ಅಗ್ಗದ ದಾರಿ ರಿಪೀಟರ್, ಅಂದರೆ ರೌಟರ್‌ನ ಸಿಗ್ನಲನ್ನು ಹಿಡಿದು ಮುಂದಕ್ಕೆ ಹಂಚುವ ಸಾಧನ. ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸುವವರು ಬಹಳ. ತನಗೇ ಸಿಗದ ಸಿಗ್ನಲನ್ನು ಅದು ಹಂಚುವುದೆಲ್ಲಿಂದ? ಅದರ ಜಾಗ ನಡುದಾರಿ, ಅಂದರೆ ಸಿಗ್ನಲ್ ಇನ್ನೂ ಮೈನಸ್ 60–65ರಷ್ಟು ಬಲವಾಗಿರುವ ಕಡೆ. ಅಲ್ಲದೆ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಮತ್ತೆ ಅದನ್ನೇ ಪ್ರಸಾರ ಮಾಡುವ ರಿಪೀಟರ್‌ನಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ.

ಹಲವು ಘಟಕಗಳು ಸೇರಿ ಒಂದೇ ಜಾಲವಾಗಿ ಕೆಲಸ ಮಾಡುವ ಮೆಶ್ ವ್ಯವಸ್ಥೆ ಇದಕ್ಕಿಂತ ಮೇಲು. ಮೂರು ಬ್ಯಾಂಡ್‌ಗಳಿರುವ ಮೆಶ್‌ಗಳಲ್ಲಿ ಹಲವು, ಒಂದು ಬ್ಯಾಂಡನ್ನು ತಮ್ಮ ತಮ್ಮ ನಡುವಿನ ಸಂಪರ್ಕಕ್ಕೆಂದೇ ಮೀಸಲಿಡುವುದರಿಂದ ಈ ನಷ್ಟ ಕಡಿಮೆಯಾಗುತ್ತದೆ. ಆದರೂ ಘಟಕಗಳ ನಡುವೆ ಕಾಂಕ್ರೀಟ್ ಗೋಡೆಯಿದ್ದರೆ ಮೆಶ್ ಪವಾಡವನ್ನೇನೂ ಮಾಡಲಾರದು. ಸಾಧ್ಯವಿರುವಲ್ಲೆಲ್ಲ ಘಟಕಗಳನ್ನು ಕೇಬಲ್‌ನಿಂದಲೇ ಬೆಸೆಯಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ: ಗೋಡೆ ದಾಟಿಸುವ ಕೆಲಸ ಕೇಬಲ್‌ಗಿರಲಿ, ಕೋಣೆಯೊಳಗಿನ ಕೊನೆಯ ಕೆಲವು ಮೀಟರ್ ಮಾತ್ರ ವೈಫೈಗಿರಲಿ. ಒಂದು ಗಿಗಾಬಿಟ್ ವೇಗಕ್ಕೆ ಕ್ಯಾಟ್ 5ಇ ದರ್ಜೆಯ ಈಥರ್ನೆಟ್ ಕೇಬಲ್ ಸಾಕು. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಇರಲಿ, ಅದೂ ಪೂರ್ತಿ ತಾಮ್ರದ್ದು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ನೋಡಲು ಹಾಗೆಯೇ ಇದ್ದರೂ ಬಾಗಿಸಿದರೆ ಬೇಗ ಮುರಿಯುತ್ತದೆ. ಕೇಬಲ್ ಎಳೆಯಲು ದಾರಿಯೇ ಇಲ್ಲದ ಕಡೆ ವಿದ್ಯುತ್ ತಂತಿಯ ಮೂಲಕ ಸಾಗಿಸುವ ಪವರ್‌ಲೈನ್ ಸಾಧನಗಳುಂಟು, ಅವುಗಳ ಫಲ ಮನೆಯ ವೈರಿಂಗ್‌ನ ಮೇಲೆ ನಿಂತಿದೆ.

ಮೂಲೆಯಲ್ಲಿ ಬಿದ್ದಿರುವ ಹಳೆಯ ರೌಟರ್ ಕೂಡ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಮುಖ್ಯ ರೌಟರ್‌ನ ಜಾಲವನ್ನೇ ವೈಫೈಯಾಗಿ ಹಂಚುವ ವಿಧಾನ) ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಮುಖ್ಯ ರೌಟರ್‌ನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2ರಂತಹ, ಬೇರಾವ ಸಾಧನವೂ ಬಳಸದ ವಿಳಾಸ ಕೊಟ್ಟು, ಕೇಬಲನ್ನು ಎರಡೂ ಕಡೆ ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟ್‌ಗೇ ಸಿಕ್ಕಿಸಿ. ಹಳೆಯ ರೌಟರ್‌ನ ವ್ಯಾನ್ (ಹೊರಗಿನ ಇಂಟರ್ನೆಟ್ ಸಂಪರ್ಕದ) ಪೋರ್ಟ್‌ಗೆ ಸಿಕ್ಕಿಸಿದರೆ ಮನೆಯೊಳಗೆ ಎರಡು ಪ್ರತ್ಯೇಕ ಜಾಲಗಳಾಗಿ, ಒಂದು ಕೋಣೆಯ ಫೋನಿಗೆ ಇನ್ನೊಂದು ಕೋಣೆಯ ಪ್ರಿಂಟರ್ ಕಾಣದಂತಾಗಬಹುದು.

ಎಲ್ಲ ಘಟಕಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಭದ್ರತಾ ಕ್ರಮ ಇರಲಿ. ಡಬ್ಲ್ಯುಪಿಎ2 ಎಂಬ ಭದ್ರತಾ ಕ್ರಮಕ್ಕಿಂತ ಹಳೆಯದು ಬೇಡ. ಯಾವ ಘಟಕಕ್ಕೆ ಅಂಟಿಕೊಳ್ಳಬೇಕೆಂಬ ಅಂತಿಮ ತೀರ್ಮಾನ ರೌಟರ್‌ನದಲ್ಲ, ಫೋನಿನದು. ಮಲಗುವ ಕೋಣೆಗೆ ಬಂದ ಮೇಲೂ ಫೋನ್ ಹಜಾರದ ಕ್ಷೀಣ ಸಿಗ್ನಲನ್ನೇ ಹಿಡಿದುಕೊಂಡಿದ್ದರೆ, ಘಟಕಗಳ ಪ್ರಸಾರ ಶಕ್ತಿಯನ್ನು ಒಂದು ಹಂತ ತಗ್ಗಿಸಿ ನೋಡಿ. ವಿಚಿತ್ರವೆನಿಸಿದರೂ ಇದು ಫಲ ಕೊಡುತ್ತದೆ: ಹಳೆಯ ಸಿಗ್ನಲ್ ಬೇಗ ಮಸುಕಾದಷ್ಟೂ ಫೋನ್ ಹೊಸದನ್ನು ಬೇಗ ಹುಡುಕುತ್ತದೆ.

ಎಲ್ಲ ಮುಗಿದ ಮೇಲೆ ಅದೇ ನಕ್ಷೆ ಹಿಡಿದು, ಅಕ್ಕಪಕ್ಕದವರೂ ಇಂಟರ್ನೆಟ್ ಬಳಸುವ ಸಂಜೆಯ ಹೊತ್ತಿನಲ್ಲಿ ಮತ್ತೊಮ್ಮೆ ಅಳೆಯಿರಿ. ಸಿಗ್ನಲ್ ಮೈನಸ್ 60ಕ್ಕಿಂತ ಬಲವಾಗಿದ್ದೂ ವೇಗ ಬಾರದಿದ್ದರೆ ಅದು ದೂರದ ಸಮಸ್ಯೆಯಲ್ಲ, ದಟ್ಟಣೆಯದು. ಆಗ ಮತ್ತೊಂದು ಘಟಕ ಸೇರಿಸುವ ಬದಲು ಚಾನೆಲ್ ಬದಲಿಸಿ, ಟಿವಿ, ಡೆಸ್ಕ್‌ಟಾಪ್‌ಗಳಂತಹ ಕದಲದ ಸಾಧನಗಳನ್ನು ಕೇಬಲ್‌ಗೆ ಜೋಡಿಸಿ.