ಇನಾರಿಯ ಬಿಳಿ ನರಿ: ಮುಖವಾಡ ಮಾಡುತ್ತಾ ಕಂಡದ್ದು

ಜಪಾನಿನ ನರಿ ಮುಖವಾಡ ಅಂದಕೂಡಲೇ ಎಲ್ಲರ ಕಣ್ಣಿಗೆ ಬೀಳುವುದು ಕೆಂಪು ಗೆರೆ, ಚೂಪು ಮೂತಿ, ಓರೆಗಣ್ಣು. ಹೊಸದಾಗಿ ಮಾಡಲು ಕೂತವರು ಮನಸ್ಸಿಡುವುದೂ ಅದರ ಮೇಲೆಯೇ. ನನ್ನ ಪ್ರಕಾರ ಈ ಮುಖಕ್ಕೆ ಜೀವ ಬರುವುದು ಅದರ ಬಿಳಿಯಲ್ಲಿ. ಬಣ್ಣದ ಕೆಲಸ ಒಂದು ಸಂಜೆಗೆ ಮುಗಿಯುತ್ತದೆ. ಬಿಳಿ ಹಚ್ಚುವ ಕೆಲಸಕ್ಕೆ ದಿನಗಟ್ಟಲೆ ಬೇಕು, ತಾಳ್ಮೆಯೂ ಅಷ್ಟೇ ಬೇಕು.

ಕ್ಯೋಟೋದಲ್ಲಿದ್ದ ವರ್ಷಗಳಲ್ಲಿ ಇದನ್ನು ಕಲಿತೆ. ಈಗ ಮೈಸೂರಿನ ಮನೆಯಲ್ಲೇ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು. "ಅಕ್ಕಾ, ಒಳಗಿಂದ ನಾನು ನರೀನೇ ಅಂತ ಚಿಕ್ಕಂದಿನಿಂದ್ಲೂ ಅನ್ಸತ್ತೆ. ನಂಗೊಂದು ಒಂಬತ್ತು ಬಾಲದ ನರಿಯ ಮುಖ ಮಾಡಿಕೊಡ್ತೀರಾ?" ಹೇಳುವಾಗ ಅವಳ ದನಿ ನಡುಗುತ್ತಿತ್ತು. ಇಂಥ ಮಾತನ್ನು ಆಡಿ ತೋರಿಸಲು ಎಷ್ಟು ಧೈರ್ಯ ಬೇಕು ಅನ್ನುವುದು ನನಗೆ ಗೊತ್ತು. ಒಂದನ್ನು ಮಾತ್ರ ಕೇಳಿದೆ: "ಯಾವ ನರಿ ಬೇಕಮ್ಮ?" ಅಚ್ಚು ಮಾಡುವ ಮೊದಲು ಇದು ಇತ್ಯರ್ಥವಾಗಲೇಬೇಕು, ಏಕೆಂದರೆ ಅಲ್ಲಿನ ನರಿ ಒಂದೇ ಅಲ್ಲ.

ಕ್ಯೋಟೋದ ಫುಶಿಮಿ ಇನಾರಿ ಗುಡಿಯ ಹುಟ್ಟನ್ನು ಕ್ರಿ.ಶ. 711ಕ್ಕೆ ಹೇಳುತ್ತಾರೆ. ಜಪಾನಿನ ಉದ್ದಗಲಕ್ಕೂ ಇರುವ ಸುಮಾರು 30,000 ಇನಾರಿ ಗುಡಿಗಳಿಗೆ ಅದೇ ಮೂಲಸ್ಥಾನ. ಅಲ್ಲಿ ದೇವರು ಇನಾರಿ, ಭತ್ತದ ಬೆಳೆ ಕಾಯುವ ದೇವರು. ನರಿ ದೇವರಲ್ಲ, ದೇವರ ದೂತ. ಕೆಂಪು ಬಟ್ಟೆ ಕಟ್ಟಿಸಿಕೊಂಡು ಜೋಡಿಜೋಡಿಯಾಗಿ ಕೂತ ಕಲ್ಲಿನ ನರಿಗಳಲ್ಲಿ ಒಂದರ ಬಾಯಲ್ಲಿ ಕಣಜದ ಬೀಗದಕೈ, ಇನ್ನೊಂದರ ಬಾಯಲ್ಲಿ ರತ್ನ, ಮತ್ತೊಂದರಲ್ಲಿ ಸುರುಳಿ ಅಥವಾ ಭತ್ತದ ತೆನೆ. ಈ ನರಿಗೆ ಕೋಪವೂ ಇಲ್ಲ, ನಗುವೂ ಇಲ್ಲ, ಕರ್ತವ್ಯವಿದೆ. ಮುಖವಾಡದಲ್ಲಿ ಹುಬ್ಬು ಸಮನಾಗಿರಬೇಕು.

ಐಚಿ ಪ್ರಾಂತ್ಯದ ತೊಯೊಕಾವಾ ಇನಾರಿಯ ಕಥೆ ಬೇರೆ. ಹೆಸರಿಗೆ ಇನಾರಿ, ಆದರೆ ಅದು ಝೆನ್ ಪಂಥದ ಬೌದ್ಧ ದೇವಾಲಯ. ಅಲ್ಲಿ ಬಿಳಿ ನರಿಯ ಮೇಲೆ ಕೂತು ಭತ್ತದ ಹೊರೆ ಹೊತ್ತ ದಾಕಿನಿತೆನ್ ದೇವಿ ಇದ್ದಾಳೆ. ನಮ್ಮ ಮಸಣದ ಡಾಕಿನಿಯೇ ಬೌದ್ಧಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ನಮ್ಮಲ್ಲಿ ಅವಳ ಸುತ್ತ ಊಳಿಡುವ ಗುಳ್ಳೆನರಿಗಳಿರುತ್ತವೆ. ಜಪಾನಿನಲ್ಲಿ ಗುಳ್ಳೆನರಿ ಇಲ್ಲ, ಹಾಗಾಗಿ ಅಲ್ಲಿನ ಕೆಂಗೂದಲ ನರಿ ಆ ಜಾಗ ಹಿಡಿಯಿತು. ಈ ಪಯಣ ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ.

ಹುಡುಗಿ ಕೇಳಿದ ಒಂಬತ್ತು ಬಾಲದ ನರಿ ಚೀನಾದ್ದು. ಅಲ್ಲಿನ ಹಾನ್ ರಾಜವಂಶದ ಕಾಲದ ಶಿಲ್ಪಗಳಲ್ಲಿ ಅದು 'ಪಶ್ಚಿಮದ ರಾಣಿಮಾತೆ' ಎಂಬ ದೇವತೆಯ ಪಕ್ಕದಲ್ಲಿರುವ ಶುಭ ಪ್ರಾಣಿ. ಜನರನ್ನು ಮರುಳು ಮಾಡಿ ರಾಜ್ಯ ಕೆಡಿಸುವ ಸುಂದರಿಯ ರೂಪ ಅದಕ್ಕೆ ಅಂಟಿಕೊಂಡದ್ದು ಆಮೇಲೆ.

ಇನ್ನೊಂದನ್ನೂ ಅವಳಿಗೆ ಹೇಳಿದೆ, ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ಜಪಾನಿನ ಪಶ್ಚಿಮ ಭಾಗದಲ್ಲಿ, ಇಝುಮೊ ಸುತ್ತಮುತ್ತ, ಕೆಲವು ಮನೆತನಗಳಿಗೆ "ನರಿ ಸಾಕಿದವರು" ಎಂಬ ಹಣೆಪಟ್ಟಿ ಹಚ್ಚುತ್ತಿದ್ದರು. ಆ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ಅಲ್ಲಿಂದ ತರುತ್ತಲೂ ಇರಲಿಲ್ಲ. ಮೈಮೇಲೆ ನರಿ ಬಂತು ಎಂದು ಹೇಳಿಸಿಕೊಂಡವರು ಪಟ್ಟ ಪಾಡು ಚಿಕ್ಕದಲ್ಲ. ನರಿಯಾಗುವುದು ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ಊರು ಹೊರಿಸಿದ ಭಾರ. ಮುಖವಾಡ ಮಾಡುವವರಿಗೂ ತೊಡುವವರಿಗೂ ಇದು ಗೊತ್ತಿರಬೇಕು.

ಕೊನೆಗೆ 'ತ್ಸುರಿಗಿತ್ಸುನೆ' ಎಂಬ ಕ್ಯೋಗೆನ್, ಅಂದರೆ ಜಪಾನಿನ ಸಾಂಪ್ರದಾಯಿಕ ಹಾಸ್ಯ ನಾಟಕದ ಕಥೆ ಹೇಳಿದೆ. ಬೇಟೆಗಾರನೊಬ್ಬ ನರಿಗಳ ಬಳಗವನ್ನೆಲ್ಲ ಹಿಡಿದು ಮುಗಿಸುತ್ತಿರುವಾಗ ಮುದಿ ನರಿಯೊಂದು ಅವನ ಚಿಕ್ಕಪ್ಪ ಸನ್ಯಾಸಿ ಹಕುಝೋಸುವಿನ ವೇಷ ತೊಟ್ಟು ಬರುತ್ತದೆ. ಬುದ್ಧಿ ಹೇಳಿ ಬಲೆ ಬಿಸಾಡಿಸುತ್ತದೆ. ಗೆದ್ದು ಹಿಂತಿರುಗುವ ದಾರಿಯಲ್ಲಿ ಎಣ್ಣೆಯಲ್ಲಿ ಕರಿದ ಇಲಿಯ ವಾಸನೆ ಮೂಗಿಗೆ ಬಡಿದು ಅದರ ಕಾಲು ಮುಂದೆ ಹೋಗುವುದಿಲ್ಲ. ನಟ ಸನ್ಯಾಸಿಯ ನಿಲುವಂಗಿಯ ಒಳಗೇ ನರಿಯ ಉಡುಪು ತೊಟ್ಟಿರುತ್ತಾನೆ. ಕ್ಯೋಗೆನ್ ನಟನ ಕಲಿಕೆ ಕೋತಿಯ ಪಾತ್ರದಿಂದ ಶುರು, ನರಿಯ ಪಾತ್ರದಲ್ಲಿ ಪೂರ್ಣ ಎಂಬ ಮಾತೇ ಇದೆ.

ಹುಡುಗಿ ತುಸು ಹೊತ್ತು ಸುಮ್ಮನಿದ್ದು, "ಆ ಮುದಿ ನರಿನೇ ಮಾಡಿ ಅಕ್ಕಾ" ಅಂದಳು.

ಜೇಡಿಮಣ್ಣಿನಲ್ಲಿ ಅಚ್ಚು ತಿದ್ದಿದೆ. ಮುದಿ ನರಿಯಾದ್ದರಿಂದ ಕೆನ್ನೆ ಒಳಕ್ಕೆ, ಹುಬ್ಬಿನ ಮೂಳೆ ಮುಂದಕ್ಕೆ. ಮೇಲಿನ ಬೆಳಕು ಬಿದ್ದಾಗ ಹುಬ್ಬಿನ ನೆರಳು ಕಣ್ಣಿನ ಮೇಲೆ ಬರಬೇಕು. ತಲೆ ತಗ್ಗಿಸಿದರೆ ದುಃಖ, ಎತ್ತಿದರೆ ಬೆಳಗು. 'ನೋ' ಎಂಬ ಜಪಾನಿನ ಸಾಂಪ್ರದಾಯಿಕ ನಾಟಕದ ಮುಖವಾಡಗಳ ಈ ಗುಟ್ಟು ನರಿಗೂ ಒಪ್ಪುತ್ತದೆ. ಅಚ್ಚಿಗೆ ಎಣ್ಣೆ ಸವರಿ, ಹಿಪ್ಪುನೇರಳೆ ಬಳಗದ ಕೋಝೋ ಗಿಡದ ನಾರಿನ ಕಾಗದವನ್ನು ಮೈದಾ ಅಂಟಿನಲ್ಲಿ ಪದರಪದರವಾಗಿ ಅಂಟಿಸಿದೆ. ಕಾಗದವನ್ನು ಕತ್ತರಿಸಬಾರದು, ಕೈಯಲ್ಲಿ ಹರಿಯಬೇಕು. ಹರಿದ ಅಂಚಿನ ನಾರು ಪಕ್ಕದ ತುಂಡಿನೊಳಗೆ ಸೇರಿಕೊಂಡು ಗೆರೆ ಕಾಣದಂತಾಗುತ್ತದೆ.

ಆಮೇಲೆ ಬಿಳಿ. ಅದರ ಹೆಸರು ಗೋಫುನ್. ಸಿಂಪಿ ಚಿಪ್ಪನ್ನು ವರ್ಷಗಟ್ಟಲೆ ಬಿಸಿಲುಮಳೆಗೆ ಬಿಟ್ಟು ಅರೆದ ಪುಡಿ. ಪ್ರಾಣಿಯ ಚರ್ಮದಿಂದ ತೆಗೆದ ನಿಕಾವಾ ಅಂಟನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತೇನೆ. ಕುದಿಸಿದರೆ ಅಂಟಿನ ಹಿಡಿತ ಹೋಗುತ್ತದೆ, 60 ಡಿಗ್ರಿಯ ಆಸುಪಾಸು ಸಾಕು. ಪುಡಿಗೆ ಅಂಟನ್ನು ಹನಿಹನಿಯಾಗಿ ಬೆರೆಸಿ ಕಿವಿಯ ಹಾಲೆಯಷ್ಟು ಮೆದುವಾಗುವ ತನಕ ನಾದಬೇಕು. ಉಂಡೆ ಕಟ್ಟಿ ಬಟ್ಟಲಿಗೆ ಎತ್ತಿ ಎತ್ತಿ ಬಡಿಯಬೇಕು, ಅಲ್ಲಿನವರು ನೂರು ಸಲ ಅನ್ನುತ್ತಾರೆ. ಒಳಗಿನ ಗಾಳಿ ಹೋಗಿ ಅಂಟು ಪ್ರತಿ ಕಣಕ್ಕೂ ಹತ್ತುವುದು ಆಗಲೇ. ಬಳಿಕ ಬೆಚ್ಚಗಿನ ನೀರಲ್ಲಿ ಕದಡಿ ಅಗಲ ಕುಂಚದಲ್ಲಿ ತೆಳ್ಳಗೆ ಬಳಿಯುವುದು, ಒಣಗಲು ಬಿಡುವುದು, ಮತ್ತೆ ಬಳಿಯುವುದು. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಅಂಟು ಕಡಿಮೆಯಿರಬೇಕು. ಇಲ್ಲದಿದ್ದರೆ ಒಣಗುವಾಗ ಮೇಲ್ಪದರ ಬಿಗಿದು ಬಿರುಕು ಬಿಡುತ್ತದೆ. ನಮ್ಮ ಸೆಕೆಗೆ ಅಂಟು ಬೇಗ ಹಳಸುತ್ತದೆ, ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ಲೇಸು. ಮಳೆಗಾಲದಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಕಾಲು ಭಾಗ ಪದರ ಆಗುವಷ್ಟರಲ್ಲಿ ಕಾಗದ ಮರೆತುಹೋಗುತ್ತದೆ. ಪೂರ್ತಿಯಾದಾಗ ಸುಣ್ಣದ ಗೋಡೆಯ ಬಿಳಿಯಲ್ಲ, ಒಳಗೆ ಏನೋ ಇರುವಂಥ ಬಿಳಿ. ಬೆಳಕು ಅದರ ಮೇಲೆ ನಿಲ್ಲುತ್ತದೆ, ಹೊಳೆಯುವುದಿಲ್ಲ. ಮುದಿ ನರಿಗೆ ಕೆಂಪು ಹೆಚ್ಚು ಬೇಡ. ಕಿವಿಯೊಳಗೆ, ಕಣ್ಣಂಚಿಗೆ ಮಾತ್ರ ಹಚ್ಚಿದೆ. ಮೀಸೆಯ ಗೆರೆಗಳು ಕಪ್ಪು ಮಸಿಯಲ್ಲಿ.

ಕ್ಯೋಗೆನ್‌ನ ನರಿ ಮುಖವಾಡಕ್ಕೆ ಆಡುವ ಕೆಳದವಡೆ ಇರುತ್ತದೆ, ಇದಕ್ಕೂ ಹಾಗೇ ಮಾಡಿದೆ. ದವಡೆಯನ್ನು ಬೇರೆ ಅಚ್ಚಿನಲ್ಲಿ ತೆಗೆದು, ಎರಡೂ ಬದಿ ತೂತು ಕೊರೆದು, ರೇಷ್ಮೆ ಹುರಿಯಲ್ಲಿ ಸಡಿಲವಾಗಿ ಕಟ್ಟಿದೆ. ಹುಡುಗಿ ತೊಟ್ಟು ಮಾತಾಡಿದಾಗ ದವಡೆ ಅವಳ ಗಲ್ಲಕ್ಕೆ ತಾಗುತ್ತಿತ್ತು. ಒಳಗೆ ಹತ್ತಿಯ ಪಟ್ಟಿ ಅಂಟಿಸಿ, ಹುರಿಯನ್ನು ಒಂದು ಬೆರಳು ಸಡಿಲಿಸಿದೆ. ಈಗ ಅವಳು ಮಾತಾಡಿದರೆ ನರಿಯೂ ಬಾಯಿ ತೆರೆಯುತ್ತದೆ.