ಕ್ರೆಡಿಟ್ ಕಾರ್ಡ್ ಮುಚ್ಚಿಸಿದ್ದು ಫೋನಲ್ಲ, ಪತ್ರ

2023ರ ಮೇ ತಿಂಗಳ ಸ್ಟೇಟ್‌ಮೆಂಟಿನಲ್ಲಿ ನಾನು ಖರ್ಚೇ ಮಾಡದ 588 ರೂಪಾಯಿ 82 ಪೈಸೆ ಬಾಕಿ ಇತ್ತು. ವಾರ್ಷಿಕ ಶುಲ್ಕ 499 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ 89 ರೂಪಾಯಿ 82 ಪೈಸೆ ಜಿಎಸ್‌ಟಿ. ಸಂಬಳದ ಖಾತೆ ತೆರೆದಾಗ ಬ್ಯಾಂಕಿನವರೇ ಒತ್ತಾಯ ಮಾಡಿ ಕೊಟ್ಟ ಕಾರ್ಡ್ ಅದು. ದಾವಣಗೆರೆಯಲ್ಲಿ ತರಕಾರಿಯಿಂದ ಹಿಡಿದು ಔಷಧಿಯವರೆಗೆ ಎಲ್ಲಕ್ಕೂ ಯುಪಿಐ ಬಳಸುವ ನನಗೆ ಬ್ರಾಡ್‌ಬ್ಯಾಂಡ್ ಬಿಲ್ ಕಟ್ಟುವುದೊಂದನ್ನು ಬಿಟ್ಟರೆ ಅದರಿಂದ ಬೇರೆ ಉಪಯೋಗವಿರಲಿಲ್ಲ. ಆದ್ದರಿಂದ ಮುಚ್ಚಿಸಿಬಿಡೋಣ ಎಂದು ನಿರ್ಧರಿಸಿದೆ.

ಜೂನ್ 5ರಂದು ಗ್ರಾಹಕ ಸೇವಾ ಕೇಂದ್ರಕ್ಕೆ ಮೊದಲ ಕರೆ ಮಾಡಿದೆ. ಕನ್ನಡಕ್ಕಾಗಿ ಅಂಕಿ ಒತ್ತಿ ಇಪ್ಪತ್ತೆರಡು ನಿಮಿಷ ಕಾದ ಮೇಲೆ ಸಿಕ್ಕವರು ಹಿಂದಿಯಲ್ಲಿ ಮಾತನಾಡಿದರು. ಕನ್ನಡದವರಿಗೆ ಕೊಡಿ ಎಂದು ಕೇಳಿದ ಕೂಡಲೇ ಸಂಪರ್ಕ ಕಡಿದುಹೋಯಿತು. ಎರಡನೆಯ ಸಲ ಕನ್ನಡದ ಹುಡುಗಿಯೊಬ್ಬಳು ಸಿಕ್ಕಳು. "ಸರ್, ಕಾರ್ಡ್ ಯಾಕೆ ಕ್ಲೋಸ್ ಮಾಡ್ತೀರಾ? ನಿಮಗೆ ಲೈಫ್‌ಟೈಮ್ ಫ್ರೀ ಮಾಡಿಕೊಡ್ತೀವಿ" ಎಂದಳು. ಬೇಡ ಎಂದೆ. "ಸಿಬಿಲ್ ಸ್ಕೋರ್ ಬಿದ್ದುಹೋಗುತ್ತೆ ಸರ್" ಎಂದಳು. ಸಾಲವನ್ನು ನಾವು ಹೇಗೆ ಬಳಸಿ ತೀರಿಸುತ್ತೇವೆಂಬುದಕ್ಕೆ ಸಿಗುವ ಅಂಕ ಅದು. ಅವಳ ಮಾತು ಪೂರ್ತಿ ಸುಳ್ಳೂ ಅಲ್ಲ. ಹಲವು ಕಾರ್ಡುಗಳಿರುವವರು ಒಂದನ್ನು ಮುಚ್ಚಿದರೆ ಒಟ್ಟು ಸಾಲದ ಮಿತಿ ತಗ್ಗುತ್ತದೆ, ಉಳಿದ ಕಾರ್ಡುಗಳಲ್ಲಿ ಬಳಸಿದ ಮೊತ್ತದ ಪ್ರಮಾಣ ಹೆಚ್ಚಾಗಿ ಕಾಣುತ್ತದೆ, ಅದರಿಂದ ಅಂಕ ಒಂದಿಷ್ಟು ಇಳಿಯಬಹುದು. ಆದರೆ ಬೇಡದ ಕಾರ್ಡಿಗೆ ವರ್ಷವರ್ಷವೂ ಶುಲ್ಕ ಕಟ್ಟುತ್ತಾ ಕೂರಲು ಅದು ಕಾರಣವಾಗಲಾರದು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಬಿಟ್ಟುಹೋಗುವ ಗ್ರಾಹಕರನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಒತ್ತಡ ಅವಳ ದನಿಯಲ್ಲೇ ಕೇಳಿಸುತ್ತಿತ್ತು. ಕೊನೆಗೆ "ರಿಕ್ವೆಸ್ಟ್ ಹಾಕಿದ್ದೀನಿ ಸರ್" ಎಂದಳು. ವಿನಂತಿಯ ಸಂಖ್ಯೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಒಂದು ವಾರ ಕಳೆದು ಮತ್ತೆ ಕರೆ ಮಾಡಿದಾಗ ತಿಳಿದದ್ದೇನೆಂದರೆ, ದಾಖಲಾಗಿದ್ದದ್ದು ಕಾರ್ಡ್ ಮುಚ್ಚುವ ವಿನಂತಿಯಲ್ಲ, ಶುಲ್ಕ ಮನ್ನಾ ಮಾಡುವ ವಿನಂತಿ. ಅದೂ ಅರ್ಧಂಬರ್ಧ ಮನ್ನಾ ಆಗಿತ್ತು: 499 ರೂಪಾಯಿ ಹಿಂದಕ್ಕೆ ಬಂದಿದ್ದರೂ ಜಿಎಸ್‌ಟಿಯ 89 ರೂಪಾಯಿ 82 ಪೈಸೆ ಬಾಕಿಯಾಗಿಯೇ ಉಳಿದಿತ್ತು. ಬಾಕಿ ಇರುವಾಗ ಕಾರ್ಡ್ ಮುಚ್ಚಲಾಗದು ಎಂದರು. ಹಾಗಾದರೆ 90 ರೂಪಾಯಿ ಕಟ್ಟಿಬಿಡುತ್ತೇನೆ ಎಂದಾಗ, ಹೆಚ್ಚುವರಿ 18 ಪೈಸೆ ಖಾತೆಯಲ್ಲಿ ಜಮೆಯಾಗಿ ನಿಂತರೂ ಮುಚ್ಚುವುದು ತಡವಾಗುತ್ತದೆ ಎಂದರು. ವಿಧಿಸಬಾರದಾಗಿದ್ದ ತೆರಿಗೆ ಅದೆಂಬ ನನ್ನ ವಾದವನ್ನು ಬದಿಗಿಟ್ಟು ಅಂದೇ ಸರಿಯಾಗಿ 89 ರೂಪಾಯಿ 82 ಪೈಸೆ ಕಟ್ಟಿದೆ, ಕಟ್ಟಿದ ರಸೀದಿಯ ಚಿತ್ರ ತೆಗೆದಿಟ್ಟುಕೊಂಡೆ. ಮೊದಲು ಬಾಕಿ ಸೊನ್ನೆ ಮಾಡಿ, ತಕರಾರನ್ನು ಆಮೇಲೆ ಎತ್ತುವುದೇ ಸರಿಯೆಂಬುದು ಈಗಲೂ ನನ್ನ ಅಭಿಪ್ರಾಯ, ಏಕೆಂದರೆ ಒಂದು ರೂಪಾಯಿ ಬಾಕಿ ಇದ್ದರೂ ನಿಯಮದ ಬಲ ನಮ್ಮ ಕಡೆ ನಿಲ್ಲುವುದಿಲ್ಲ.

ಆ ನಿಯಮ ನನ್ನ ಕಣ್ಣಿಗೆ ಬಿದ್ದದ್ದು ಇದಾದ ಮೇಲೆ. ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ಬಗ್ಗೆ ಒಂದು ನಿರ್ದೇಶನ ಹೊರಡಿಸಿತ್ತು. ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಈ ನಿರ್ದೇಶನದ ಪ್ರಕಾರ, ಬಾಕಿಯೆಲ್ಲ ತೀರಿದ್ದರೆ, ಗ್ರಾಹಕ ಕೇಳಿದ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ದಂಡವನ್ನು ಗ್ರಾಹಕನಿಗೇ ಕೊಡಬೇಕು. ವಿನಂತಿ ಸಲ್ಲಿಸಲು ಸಹಾಯವಾಣಿ, ಇಮೇಲ್, ಜಾಲತಾಣ, ಮೊಬೈಲ್ ಆ್ಯಪ್ ಹೀಗೆ ಹಲವು ದಾರಿಗಳನ್ನು ಒದಗಿಸಬೇಕು, ಅಂಚೆಯಲ್ಲೇ ಕಳುಹಿಸಿ ಎಂದು ಹಟ ಹಿಡಿಯುವಂತಿಲ್ಲ. ಇಷ್ಟು ಸ್ಪಷ್ಟವಾದ ಮಾತು ಅಲ್ಲಿದ್ದರೂ ನನ್ನ ಕರೆಗಳಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ. ನನಗೆ ನಿಜವಾಗಿ ನೋವಾದದ್ದು ಅದಕ್ಕೆ.

ಪತ್ರ ಬರೆಯುವ ಮುನ್ನ ತಿಂಗಳ ಬಿಲ್ಲನ್ನು ತಾನಾಗಿಯೇ ಕಟ್ಟಿಸಿಕೊಳ್ಳುವ ಬ್ರಾಡ್‌ಬ್ಯಾಂಡ್ ಕಂಪನಿಯ ಆಟೊಪೇಯನ್ನು ಈ ಕಾರ್ಡಿನಿಂದ ತೆಗೆದುಹಾಕಿದೆ. ನಡುವೆ ಆ ಬಿಲ್ಲು ಕಾರ್ಡಿನ ಮೇಲೆ ಬಿದ್ದಿದ್ದರೆ ಹೊಸ ಬಾಕಿ ಹುಟ್ಟಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಬಳಿಕ ಜೂನ್ 19ರ ಸೋಮವಾರ, ನೋಂದಾಯಿತ ಇಮೇಲಿನಿಂದ, ಬ್ಯಾಂಕು ಇದಕ್ಕೆಂದೇ ಪ್ರಕಟಿಸಿದ್ದ ವಿಳಾಸಕ್ಕೆ ಹೀಗೆ ಬರೆದೆ: "ಕೊನೆಯ ನಾಲ್ಕು ಅಂಕಿಗಳು ಇಂತಿರುವ ನನ್ನ ಕ್ರೆಡಿಟ್ ಕಾರ್ಡ್ ಖಾತೆಯನ್ನು ಶಾಶ್ವತವಾಗಿ ಮುಚ್ಚಬೇಕೆಂದು ಕೋರುತ್ತೇನೆ. ಇಂದು ಬಾಕಿ ಸೊನ್ನೆ ಇದೆ. ಬೇರೆ ಯಾವ ಕೊಡುಗೆಯೂ ನನಗೆ ಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಏಳು ಕೆಲಸದ ದಿನಗಳೊಳಗೆ ಮುಚ್ಚಿ, ಲಿಖಿತವಾಗಿ ತಿಳಿಸಿ." ಕಾರ್ಡಿನ ಪೂರ್ತಿ ಸಂಖ್ಯೆಯನ್ನಾಗಲಿ ಸಿವಿವಿಯನ್ನಾಗಲಿ ಬರೆಯಲಿಲ್ಲ. ಅರ್ಧ ಗಂಟೆಯೊಳಗೆ ವಿನಂತಿಯ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬಂತು. ಎರಡು ವಾರಗಳ ಕರೆಗಳಲ್ಲಿ ಸಿಗದಿದ್ದ ಆಧಾರ ಅದು.

ನಾಲ್ಕು ದಿನಗಳ ನಂತರ ಬ್ಯಾಂಕಿನಿಂದ ಉತ್ತರ ಬಂತು: "ನಿಮ್ಮನ್ನು ಫೋನಿನಲ್ಲಿ ಸಂಪರ್ಕಿಸಲು ಸಾಧ್ಯವಾಗದ ಕಾರಣ ವಿನಂತಿಯನ್ನು ಮುಕ್ತಾಯಗೊಳಿಸಲಾಗಿದೆ." ಮುಚ್ಚಿದ್ದು ಕಾರ್ಡನ್ನಲ್ಲ, ನನ್ನ ವಿನಂತಿಯನ್ನು. ಆ ದಿನ ನನ್ನ ಮೊಬೈಲಿಗೆ ಒಂದೇ ಒಂದು ಕರೆ, ನಾನು ಕೆಲಸದಲ್ಲಿದ್ದಾಗ, ಬಂದಿತ್ತು. ಅದೇ ಇಮೇಲಿಗೆ ಮರು ಉತ್ತರ ಬರೆದು, ಫೋನಿನಲ್ಲಿ ಮಾತನಾಡಲೇಬೇಕೆಂಬ ಷರತ್ತು ನಿರ್ದೇಶನದಲ್ಲಿಲ್ಲವೆಂದೂ, ದಿನಗಳ ಲೆಕ್ಕ ಜೂನ್ 19ರ ಪತ್ರದಿಂದಲೇ ನಡೆಯುತ್ತಿದೆಯೆಂದೂ ತಿಳಿಸಿದೆ. ನಾಲ್ಕನೆಯ ಶನಿವಾರ ಮತ್ತು ಭಾನುವಾರ ಬಿಟ್ಟರೆ ಏಳನೆಯ ಕೆಲಸದ ದಿನ ಜೂನ್ 28. ಅದೂ ಕಳೆಯಿತು. ಇಮೇಲಿನ ಪ್ರತಿಯೊಡನೆ ಬ್ಯಾಂಕಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆದ ಮೇಲೆ, ಜುಲೈ 10ರಂದು ಖಾತೆ ಮುಚ್ಚಲಾಗಿದೆಯೆಂಬ ಸಂದೇಶ ಬಂತು.

ಹನ್ನೆರಡು ದಿನ ತಡ, ಅಂದರೆ 6,000 ರೂಪಾಯಿ. ಕೇಳಬೇಕೇ ಬಿಡಬೇಕೇ ಎಂದು ಒಂದು ರಾತ್ರಿ ಯೋಚಿಸಿದೆ. ಹಣಕ್ಕಿಂತ, ನಿಯಮವನ್ನು ಯಾರೂ ಕೇಳದಿದ್ದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆಂಬ ಕಾರಣಕ್ಕೆ ಕೇಳಿದೆ. ಬ್ಯಾಂಕು ವಿಷಾದ ವ್ಯಕ್ತಪಡಿಸಿತು, ಹಣ ಕೊಡಲು ಒಪ್ಪಲಿಲ್ಲ. ಆಗ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಜಾಲತಾಣದಲ್ಲೇ ದೂರು ಸಲ್ಲಿಸಿದೆ. 2021ರ ನವೆಂಬರಿನಲ್ಲಿ ಆರಂಭವಾದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೇ ಲಿಖಿತವಾಗಿ ದೂರಿರಬೇಕು, ಅವರು ಅದನ್ನು ತಳ್ಳಿಹಾಕಿರಬೇಕು ಅಥವಾ 30 ದಿನ ಉತ್ತರಿಸದೆ ಇರಬೇಕು. ನನ್ನ ಬಳಿ ಎಲ್ಲ ಪತ್ರಗಳೂ ದಿನಾಂಕ ಸಹಿತ ಇದ್ದವು. ಸೆಪ್ಟೆಂಬರಿನಲ್ಲಿ, ಒಂಬುಡ್ಸ್‌ಮನ್ ಕಚೇರಿಯಿಂದ ಆದೇಶವೇನೂ ಹೊರಡುವ ಮೊದಲೇ, ಬ್ಯಾಂಕು 6,000 ರೂಪಾಯಿಯನ್ನು ನನ್ನ ಉಳಿತಾಯ ಖಾತೆಗೆ ಜಮೆ ಮಾಡಿತು.

ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿಯನ್ನು ಅದೇ ತಿಂಗಳು ತರಿಸಿ ನೋಡಿದೆ. ಆ ಖಾತೆಯ ಎದುರು ಮುಚ್ಚಿದ ದಿನಾಂಕವೆಂದು ಜುಲೈ 10, ಬಾಕಿಯ ಕಾಲಂನಲ್ಲಿ ಸೊನ್ನೆ ಇತ್ತು.